ಬೀಮ್‌ಗಳ ನಡುವೆ

ಸೋಮವಾರ, ರಾತ್ರಿ ಹನ್ನೊಂದೂಕಾಲು

…ಅದೂ ಸಾಲದು ಅಂತ ಲಿಫ್ಟ್ ಕೆಟ್ಟಿದೆ. ಐದು ಮಹಡಿ ಹತ್ತಿ ಬಂದರೆ ಅಕ್ಕ ಬಿಸಿನೀರೆಲ್ಲ ಖಾಲಿ ಮಾಡಿ ಗೊರಕೆ ಹೊಡೀತಿದ್ದಾಳೆ. ಟೈಪ್ ಮಾಡೋಕೆ ಬೆರಳಲ್ಲಿ ಜೀವ ಇಲ್ಲ. ಡೈರೀನ ಫೋನಿಗೇ ಹೇಳ್ತೀನಿ.

ಇವತ್ತೂ ರನ್, ಅಂದರೆ ಕಂಪ್ಯೂಟರ್ ಲೆಕ್ಕ, ಅರ್ಧಕ್ಕೇ ನಿಂತಿತು. ಬಸ್ ರಿಪೇರಿ ಶೆಡ್ಡು. ಹೈಡ್ರೋಜನ್ ಬಸ್ಸುಗಳು, ಟ್ಯಾಂಕ್ ಬಸ್ಸಿನ ತಲೆ ಮೇಲೆ. ಜಾಯಿಂಟಲ್ಲಿ ಸಣ್ಣ ಲೀಕಾದರೆ ಗ್ಯಾಸ್ ಎಲ್ಲಿಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ — ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಹೇಳೋದು ನನ್ನ ಕೆಲಸ. ಛಾವಣಿ ಕೆಳಗೆ ಅಡ್ಡಡ್ಡ ಬೀಮ್‌ಗಳಿವೆ. ಅವನ್ನು ಸೇರಿಸಿದರೆ ಲೆಕ್ಕಕ್ಕೆ ಮೂರು ರಾತ್ರಿ. ಅಳಿಸಿದರೆ ಒಂದೇ ರಾತ್ರಿ. ನಮ್ಮಲ್ಲಿ ಎಲ್ಲರೂ ಅಳಿಸ್ತಾರೆ. ನಮ್ಮ ಬಾಸ್ — ಪರವಾಗಿಲ್ಲ ಸಾರ್, ಎಲ್ಲದಕ್ಕೂ ಪರವಾಗಿಲ್ಲ ಅಂತಾರಲ್ಲ, ಅದಕ್ಕೇ ಆ ಹೆಸರು — ಛಾವಣಿ ಸಪಾಟು ಮಾಡು ಅಂದರು.

ಮಾಡಿದೆ. ರನ್ ಓಡಿದಷ್ಟರಲ್ಲಿ ಗ್ಯಾಸ್ ಮೇಲೇರಿತು, ಛಾವಣಿಗುಂಟ ಜಾರಿತು, ಮೂಲೆಯ ಕಿಂಡಿಯಿಂದ ಆಚೆ ಹೋಯಿತು. ಹೇಳಿದ ಮಾತು ಕೇಳೋ ಗ್ಯಾಸು. ಅನುಮಾನ ಬಂತು.

ಬುಧವಾರ

ಶೆಡ್ಡಿಗೆ ಹೋಗಿದ್ದೆ. ಎಲ್ಲರೂ ಮೀಸೆ ಅಂತಲೇ ಕರೆಯೋ ಮೆಕ್ಯಾನಿಕ್ ಅಟ್ಟಣಿಗೆ ಹತ್ತಿ ಟ್ಯಾಂಕಿನ ಪಕ್ಕ ಡ್ರಿಲ್ ಮಾಡ್ತಿದ್ದರು. ತಲೆ ಸರಿಯಾಗಿ ಎರಡು ಬೀಮ್‌ಗಳ ನಡುವೆ. ಬೀಮ್ ಅಳೆದೆ — ಮೊಳಕ್ಕಿಂತ ಆಳ. ಡ್ರಿಲ್ಲಿನಿಂದ ಕಿಡಿ ಹಾರ್ತಿತ್ತು.

"ಏನಮ್ಮಾ, ನನ್ನ ತಲೆ ಅಳತೆ ತಗೋತಿದೀಯಾ? ಟೋಪಿ ಹೊಲಿಸ್ತೀಯಾ?"

ನಗು ಬರಲಿಲ್ಲ. ಗ್ಯಾಸ್ ಆ ಸಂದಿ ತುಂಬಿದ ಮೇಲೇ ಮುಂದಕ್ಕೆ ಹರಿಯೋದು. ಗ್ಯಾಸ್ ಬಂದರೆ ಕೂಗೋ ಸೆನ್ಸರ್ ಇರೋದು ಮೂಲೆಯ ಕಿಂಡಿ ಹತ್ತಿರ. ಅದು ಕೂಗೋ ಹೊತ್ತಿಗೆ ಮೀಸೆಯ ತಲೆ ಗ್ಯಾಸಲ್ಲಿ ಮುಳುಗಿರುತ್ತೆ.

ಸಾರ್‌ಗೆ ಹೇಳಿದೆ. ಪರವಾಗಿಲ್ಲ, ಸೆನ್ಸರ್ ಇದೆಯಲ್ಲ ಅಂದರು.

ಶನಿವಾರ, ರಾತ್ರಿ

ಎರಡು ದಿನ ಫೋನಿಗೆ ಏನೂ ಹೇಳಲಿಲ್ಲ. ಹೇಳೋಕೆ ಬಾಯಿ ಇತ್ತು, ಹೊತ್ತಿರಲಿಲ್ಲ. ನಿನ್ನೆ ರಾತ್ರಿ ಬೀಮ್‌ಗಳನ್ನೆಲ್ಲ ವಾಪಸ್ ಹಾಕಿ ರನ್ ಶುರು ಮಾಡಿದೆ. ಯಾರನ್ನೂ ಕೇಳಲಿಲ್ಲ.

ಇವತ್ತು ಊಟದ ಬಿಡುವಲ್ಲಿ ಬಲೂನಿಗೆ ತುಂಬೋ ಹೀಲಿಯಂ ಸಿಲಿಂಡರ್ ತಗೊಂಡು ಶೆಡ್ಡಿಗೆ ಹೋದೆ. ಹೀಲಿಯಂ ಹತ್ತಿಕೊಳ್ಳಲ್ಲ, ಆದರೆ ಹೈಡ್ರೋಜನ್ ಥರಾನೇ ಮೇಲೇರುತ್ತೆ. ಗ್ಯಾಸ್ ಅಳೆಯೋ ಮೀಟರ್ ಒಂದನ್ನ ಕಿಂಡಿ ಹತ್ತಿರ ಇಟ್ಟೆ, ಇನ್ನೊಂದನ್ನ ಬೀಮ್‌ಗಳ ನಡುವೆ. ಮೆಲ್ಲಗೆ ಬಿಟ್ಟೆ. ಬೀಮ್ ನಡುವಿನದು ಸರಸರ ಏರಿತು. ಕಿಂಡಿ ಹತ್ತಿರದ್ದು ಕುಂಭಕರ್ಣ. ಅಲ್ಲಾಡಲಿಲ್ಲ.

ಮೀಸೆ ನಂಬಲಿಲ್ಲ. ಏಣಿ ಹತ್ತಿ, ಸಂದಿಗೆ ಮೂತಿ ಇಟ್ಟು ಉಸಿರೆಳೆದು, "ಇಲ್ಲೇನೂ ಇಲ್ಲಮ್ಮಾ" ಅಂದರು. ಹೀಲಿಯಂ ಗಂಟಲಿಗಿಳಿದು ಗುಬ್ಬಚ್ಚಿ ದನಿ ಬಂತು. ಶೆಡ್ಡೆಲ್ಲ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೆಳಗಿಳಿದರು. ಅಟ್ಟಣಿಗೆಗೆ ಸರಪಳಿ ಕಟ್ಟಿ ಬೀಗ ಜಡಿದರು.

ಭಾನುವಾರ

ಸಾರ್ ಮೆಸೇಜ್. ಸಪಾಟು ಛಾವಣಿಯ ರಿಪೋರ್ಟಿಗೆ ನಾಳೆ ಎಂಟರೊಳಗೆ ಸಹಿ. ಈ ದೇಶದಲ್ಲಿ ನಿನ್ನ ಕೆಲಸದ ಪರ್ಮಿಟ್ ರಿನ್ಯೂ ಮಾಡಿಸೋದು ಕಂಪನಿ ಅನ್ನೋದು ನೆನಪಿರಲಿ, ಅಂತ ಕೊನೆಗೊಂದು ಸಾಲು. ಜೊತೆಗೆ ನಗೋ ಮುಖ.

ಅಕ್ಕನಿಗೆ ತೋರಿಸಿದೆ. ಲಾಂಡ್ರಿಯಲ್ಲಿ ಬೆಂದ ಕೈಗೆ ಕ್ರೀಮ್ ಹಚ್ಚಿಕೊಳ್ತಾ ಓದಿದಳು.

"ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೇನಾದ್ರೂ ಮಾಡೇ."

"ಹಾವು ಆ ಮೀಸೆ ಅಣ್ಣನ ತಲೆ ಮೇಲೇ ಇದೆ ಕಣೇ."

ಕ್ರೀಮ್ ಡಬ್ಬಿ ಮುಚ್ಚಿದಳು. ಈ ರೂಮಿನ ಬಾಡಿಗೆ ಒಬ್ಬಳ ಸಂಬಳದಲ್ಲಿ ಆಗಲ್ಲ, ಚಿಕ್ಕದು ನೋಡೋಣ ಅಂದಳು. ಅವಳ ಒಪ್ಪಿಗೆ ಇರೋದೇ ಹಾಗೆ.

ಭಾನುವಾರ, ಹನ್ನೆರಡು ಹೊಡೀತಾ ಬಂತು

ರನ್ ನಿಂತಿಲ್ಲ. ಈವರೆಗಿನ ಚಿತ್ರದಲ್ಲಿ ಬೀಮ್ ಸಂದಿಗಳೆಲ್ಲ ಕೆಂಪು, ಅಂದರೆ ಗ್ಯಾಸ್ ತುಂಬಿದೆ. ಪೂರ್ತಿ ಮುಗಿಯೋದು ಬೆಳಗ್ಗೆ ಆರೂವರೆಗೆ. ಮುಗೀಬೇಕು. ಅರ್ಧ ಲೆಕ್ಕ ಹಿಡಿದು ಜಗಳಕ್ಕೆ ಹೋಗ— ತಡಿ, ಫೋನು. ಸಾರ್. ರೆಕಾರ್ಡಿಂಗ್ ಇರಲಿ.

ಹೇಳಿ ಸಾರ್… ಹೌದು, ಎದ್ದಿದೀನಿ… ಮೀಸೆಯವರು ಮೇಲೆ ಹತ್ತಲ್ಲ ಅಂದ್ರಾ? ನಾನೇನೂ ಹೇಳ್ಕೊಟ್ಟಿಲ್ಲ ಸಾರ್, ಅವರೇ ಉಸಿರೆಳ್ದು ನೋಡಿದ್ರು… ಇಲ್ಲ. ಅದಕ್ಕೆ ಸಹಿ ಹಾಕಲ್ಲ. ಬೀಮ್ ಇರೋ ಲೆಕ್ಕ ಓಡ್ತಿದೆ, ಏನು ಬರುತ್ತೋ ಅದಕ್ಕೆ ಹಾಕ್ತೀನಿ… ಪರ್ಮಿಟ್ಟಾ? ಪರವಾಗಿಲ್ಲ ಸಾರ್… ಈಗ ಬೇಡ. ಬೆಳಗ್ಗೆ ಫೋನ್ ಮಾಡಿ. ಏಳು ಗಂಟೆಗೆ ಪೂರ್ತಿ ಲೆಕ್ಕ ಕೈಯಲ್ಲಿರುತ್ತೆ.