ಎಣಿಕೆಗೆ ಬಾರದ ನಲವತ್ತು ದಿನ

ಗಾಳಿವರ್ಷ ನೂರಾ ನಲವತ್ತೆರಡು, ಕಾರಹುಣ್ಣಿಮೆ ಕಳೆದ ಮೂರನೇ ದಿನ
ಕಪ್ಪತಗುಡ್ಡದ ಬುಡ, ಗದಗ ಸೀಮೆ

ಪರದೇಶದ ವಿದ್ಯಾರ್ಥಿಗಳಿಗೆ ಕಡ್ಡಾಯ ದುಡಿತದ ನಿಯಮ ಬರೆಯುತ್ತ ಕೂತಿರುವ ಹಿಂದಿನ ಕಾಲದವರಿಗೆ,

ನೀವು ಸತ್ತು ನೂರು ವರ್ಷದ ಮೇಲಾಗಿದೆ. ನನ್ನ ಕೆಲವು ಮಾತು ನಿಮಗೆ ಹೊಸದು ಅನಿಸಬಹುದು, ಕ್ಷಮಿಸಿ. ಒಂದು ಸಲ ಕೇಳಿದ್ದೇನೆ, ಮತ್ತೆ ಕೇಳುವುದಿಲ್ಲ. ನಾನು ಫಕೀರವ್ವ ಹಡಗಲಿ, ವಯಸ್ಸು ಎಪ್ಪತ್ತೊಂದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಐವತ್ತೆಂಟು ವರ್ಷದಿಂದ ಇಲ್ಲಿಯ ರೆಕ್ಕೆಮನೆಯಲ್ಲಿದ್ದೇನೆ, ಈಗ ಅದರ ಹಿರಿಯಳು. ನಿಮ್ಮ ಕಾಲದಲ್ಲಿ ಗುಡ್ಡದ ಮೇಲೆ ದೊಡ್ಡ ಫ್ಯಾನು ನಿಲ್ಲಿಸಿ ಕರೆಂಟು ತೆಗೆದಿರಲ್ಲ, ಅಂಥವುಗಳ ರೆಕ್ಕೆ ಇಳಿಸಿ ತಂದು ರಿಪೇರಿ ಮಾಡುವ ಉದ್ದನೆಯ ಶೆಡ್ಡಿಗೆ ರೆಕ್ಕೆಮನೆ ಅನ್ನುತ್ತೇವೆ. ಒಂದೊಂದು ರೆಕ್ಕೆ ನೂರು ಹೆಜ್ಜೆ ಉದ್ದ. ಅದರ ನೆರಳಲ್ಲೇ ಹದಿನಾರು ಜನ ಸಾಲಾಗಿ ಕೂತು ರೊಟ್ಟಿ ತಿನ್ನುತ್ತೇವೆ.

ರೆಕ್ಕೆ ಹೊರಗಿನಿಂದ ನುಣ್ಣಗಿರುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ. ಮರದ ಕೊಡತಿಯಿಂದ ತಟ್ಟಿದರೆ ಗಟ್ಟಿ ಜಾಗ ಒಂದು ದನಿ ಕೊಡುತ್ತದೆ, ಬಿಟ್ಟ ಜಾಗ ಇನ್ನೊಂದು. ಯಂತ್ರಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಯಂತ್ರ ಎಲ್ಲಿ ಹಿಡಿಯಬೇಕು ಅನ್ನುವುದನ್ನು ಕಿವಿಯೇ ಹೇಳಬೇಕು. ಅದಕ್ಕೇ ಹೊಸದಾಗಿ ಬಂದವರು ನಲವತ್ತು ದಿನ ಯಾವ ಹತಾರವನ್ನೂ ಮುಟ್ಟುವಂತಿಲ್ಲ. ನಾವು ತಟ್ಟುತ್ತ ಹೋಗುತ್ತೇವೆ, ಅವರು ರೆಕ್ಕೆಗೆ ಕಿವಿ ಹಚ್ಚಿ ಕೂರುತ್ತಾರೆ. ಇವು ಕೇಳುವ ದಿನಗಳು. ನಾನೂ ಕೂತವಳೇ.

ಹೋದ ವರ್ಷ ಮಡಗಾಸ್ಕರದಿಂದ ವೊಲಾ ಅನ್ನುವ ಹುಡುಗಿ ಬಂದಳು. ವಿಶ್ವವಿದ್ಯಾಲಯದಲ್ಲಿ ಗಾಳಿಯಂತ್ರದ ಓದು. ನಿಮ್ಮ ನಿಯಮವನ್ನು ನಮ್ಮ ಕಾಲದವರು ಹಾಗೇ ಇಟ್ಟುಕೊಂಡಿದ್ದಾರೆ. ಪರದೇಶದಿಂದ ಬಂದವರು ತೊಂಬತ್ತು ದಿನ ಒಪ್ಪಿಗೆ ಪಡೆದ ಜಾಗದಲ್ಲಿ ದುಡಿಯಬೇಕು, ಇಲ್ಲವಾದರೆ ಪದವಿಯಿಲ್ಲ, ಈ ದೇಶದಲ್ಲಿ ಉಳಿಯುವ ಪರವಾನಗಿಯೂ ಇಲ್ಲ. ಇದಕ್ಕೆ ಅವರು ಸೇರಿಸಿದ್ದು ಎಣಿಕೆಪಟ್ಟಿ. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಅದು, ಕೈ ಹತಾರ ಹಿಡಿದು ಆಡಿದರೆ ಮಾತ್ರ ಆ ದಿನವನ್ನು ಎಣಿಸುತ್ತದೆ.

ಮೊದಲನೇ ದಿನವೇ ಅವಳು ನಿಯಮದ ಕಾಗದ ಕೊಟ್ಟಳು. ನಾನು ಮಡಚಿ ಕಪಾಟಿಗೆ ಹಾಕಿದೆ. ಓದಲಿಲ್ಲ, ಓದಿಸಿ ಕೇಳಲೂ ಇಲ್ಲ. ನಲವತ್ತು ದಿನ ಅವಳು ಕಿವಿ ಹಚ್ಚಿ ಕೂತಳು. ಆಮೇಲೆ ಕೊಡತಿ ಕೊಟ್ಟೆ, ಚೆನ್ನಾಗಿ ಹಿಡಿದಳು. ಪರವಾನಗಿ ಮುಗಿಯಲು ಹನ್ನೆರಡು ದಿನ ಉಳಿದಾಗ ಕಚೇರಿಯಿಂದ ಸುದ್ದಿ ಬಂತು. ಅವಳ ಪಟ್ಟಿಯಲ್ಲಿ ಮೂವತ್ತೆಂಟೇ ದಿನ ಇವೆ, ಅವಧಿ ಮುಗಿದ ಕೂಡಲೇ ಊರಿಗೆ ಹೊರಡಬೇಕು ಅಂತ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ ಅಂತ ಅವಳನ್ನೇ ಬೈದೆ. ಅವಳು ಇಲ್ಲಿಯ ಮಾತು ಇಲ್ಲಿಯೇ ಕಲಿತವಳು.

"ಕಾಗದ ಕೊಟ್ಟಿದ್ನಲ್ಲಾ ಅವ್ವಾರ. ಓದಿರ್ತೀರಿ, ಓದೇ ಕೂಡಿಸಿರ್ತೀರಿ ಅಂದ್ಕೊಂಡೆ."

ಪಟ್ಟಿ ಬಿಚ್ಚಿ ನನ್ನ ಕೈಗೆ ಕಟ್ಟು, ನಿನ್ನ ಬದಲು ನಾನು ದುಡಿಯುತ್ತೇನೆ ಅಂದೆ. ಎರಡು ಪಾಳಿ ದುಡಿದರೆ ಎರಡು ದಿನ ಎಣಿಸುತ್ತದೆ ಅಂತ ನಮ್ಮವರೇ ಯಾರೋ ಹೇಳಿದ್ದರು. ಹನ್ನೆರಡು ದಿನಕ್ಕೆ ಇಪ್ಪತ್ನಾಲ್ಕಾದರೂ ಸಿಕ್ಕೀತು, ಉಳಿದದ್ದಕ್ಕೆ ಕಚೇರಿಯವರ ಕಾಲು ಹಿಡಿಯೋಣ ಅಂದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನಮ್ಮೂರಾಗ ಚಂಡಮಾರುತಕ್ಕ ಮೂರು ಫ್ಯಾನು ಬಿದ್ದವು, ಮನಿ ಮ್ಯಾಲ. ತಪಾಸಣಿ ಆಗೇತಿ ಅಂತ ಕಾಗದದಾಗ ಇತ್ತು, ಮಾಡಿದವರು ಯಾರೂ ಇರಲಿಲ್ಲ. ನಾನೂ ಹಂಗ ಪಾಸಾಗಿ ಹೋಗ್ಲೇನ್ರಿ?"

ಮರುದಿನ ನಾನೇ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಸಣ್ಣ ವಯಸ್ಸಿನವನು, ಮಾತು ಮೆತ್ತಗೆ. ಕೇಳುವುದು ಕೆಲಸವಲ್ಲ ಅಂದ. ರೆಕ್ಕೆಗೆ ಕಿವಿ ಹಚ್ಚದೆ ಕೊಡತಿ ಎತ್ತಿದವನು ಬಾಗಿಲು ಬಡಿಯುವವನು, ಕೆಲಸಗಾರನಲ್ಲ ಅಂದೆ. ಅವನು ನಕ್ಕ, ಆದರೆ ಜಗ್ಗಲಿಲ್ಲ. ಕೊನೆಗೆ ನಿಯಮದಲ್ಲೇ ಇದ್ದ ಒಂದು ದಾರಿ ತೋರಿಸಿದ. ತಪ್ಪು ಕಲಿಸುವ ಜಾಗದ್ದು ಅಂತ ಅಲ್ಲಿಯ ಹಿರಿಯರು ಬರೆದುಕೊಟ್ಟರೆ ವಿದ್ಯಾರ್ಥಿಗೆ ಕೊರತೆಯಾದಷ್ಟು ದಿನ ಹೆಚ್ಚಿಗೆ ಸಿಗುತ್ತವೆ. ಆದರೆ ಆ ಜಾಗಕ್ಕೆ ಮೂರು ವರ್ಷ ಯಾವ ವಿದ್ಯಾರ್ಥಿಯನ್ನೂ ಕಳಿಸುವುದಿಲ್ಲ.

"ವಿಚಾರ ಮಾಡ್ರಿ ಅಜ್ಜಿ, ಮನಿಗೆ ಹೋಗಿ ನಾಕು ಮಂದೀನ ಕೇಳ್ರಿ."

"ಕಾಗದಾ ಓದದಾಕಿ ನಾನು. ಮಂದೀನ ಏನ್ ಕೇಳ್ಲಿ? ಪೆನ್ನು ಕೊಡೋ."

ಬರೆದೆ. ನನ್ನ ಅಕ್ಷರ ದಪ್ಪ, ನಾಲ್ಕು ಸಾಲಿಗೆ ಒಂದು ಹಾಳೆ ಹಿಡಿಯಿತು. ವೊಲಾ ಉಳಿದ ಹನ್ನೆರಡು ದಿನದ ಜೊತೆಗೆ ನಲವತ್ತು ದಿನ ಹೆಚ್ಚಿಗೆ ದುಡಿದಳು, ತೊಂಬತ್ತು ತುಂಬಿಸಿದಳು, ನಿನ್ನೆ ಊರಿಗೆ ಹೋದಳು. ಅವಳ ಊರಿನ ಗುಡ್ಡದ ಮೇಲೆ ಇನ್ನು ತಟ್ಟಿ ನೋಡುವವರು ಒಬ್ಬರು ಇರುತ್ತಾರೆ.

ನಿಯಮ ತೆಗೆದು ಹಾಕಿ ಅನ್ನುವುದಿಲ್ಲ. ದೂರದಿಂದ ಬಂದ ಮಕ್ಕಳು ಪುಸ್ತಕ ಮಾತ್ರ ನೋಡಿ ಮರಳಬಾರದು, ಕೈ ಮಸಿಯಾಗಲೇಬೇಕು. ಆದರೆ ಬರೆಯುವ ಮೊದಲು ಎದ್ದು ಬನ್ನಿ. ಬಡಿಗನ ಹತ್ತಿರ, ನೇಕಾರನ ಹತ್ತಿರ, ದವಾಖಾನೆಯ ದಾದಿಯ ಹತ್ತಿರ ಒಂದು ದಿನ ಕೂರಿ. ನಿಮ್ಮಲ್ಲಿ ಮೊದಲು ಏನು ಕಲಿಸುತ್ತೀರಿ ಅಂತ ಕೇಳಿ, ಅದಕ್ಕೂ ಒಂದು ಸಾಲು ಹಾಕಿ. ಬರೆದದ್ದನ್ನು ಕಲಿಸುವವರ ಕೈಗೆ ಕೊಟ್ಟು ಹೋಗಬೇಡಿ, ಎದುರಿಗೆ ಕೂತು ಓದಿ ಹೇಳಿ. ನನ್ನಂಥವರು ಓದಿದ್ದೇವೆ ಅಂತ ಸುಳ್ಳು ಹೇಳುತ್ತೇವೆ, ನಂಬಬೇಡಿ.

ಮೂರು ವರ್ಷ ಇಲ್ಲಿಗೆ ಯಾರೂ ಬರುವುದಿಲ್ಲ. ನಾಲ್ಕನೇ ವರ್ಷಕ್ಕೆ ನನಗೆ ಎಪ್ಪತ್ತೈದು. ಕಿವಿ ಇರುತ್ತದೆ, ನಾನೂ ಇರುತ್ತೇನೆ. ನೀವು ಅಷ್ಟರೊಳಗೆ ತಿದ್ದಿ.

ಫಕೀರವ್ವ ಹಡಗಲಿ