ಒಬ್ಬರಿಗಷ್ಟೇ ಸಫಾರಿ

ಉಪ್ಪಲ್, ಹೈದರಾಬಾದ್
ಆಗಸ್ಟ್ ೧೨

ಭವಾನಿ ಮೇಡಂ ಅವರಿಗೆ ನಮಸ್ಕಾರ್ರಿ,

ಆಫ್ರಿಕಾ ಪ್ರವಾಸಕ್ಕ ನಿಮ್ಮ ಹತ್ರ ಇಬ್ಬರ ಹೆಸರು ಬರೆಸಿದ್ವಿ. ಈಗ ನಾ ಒಬ್ಬನೇ ಬರಾಂವ. ಹೋದ ತಿಂಗಳು ಸಾಲ್ಯಾಗ ಪಾಠ ಮಾಡೂ ಮುಂದ ನನ್ನ ಹೆಂಡತಿ ಉಮಾಶ್ರೀ ಕುಸಿದು ಬಿದ್ದಳು. ದವಾಖಾನಿ ಮುಟ್ಟೂದ್ರಾಗ ಎಲ್ಲಾ ಮುಗಿದಿತ್ತು.

ಕಿಲಿಮಂಜಾರೊ ಏರೂದು ಅಕಿ ಆಸೆ. ನನ್ನ ಮೊಣಕಾಲಿಗೆ ಅದು ಆಗಂಗಿಲ್ಲ, ತಗದುಬಿಡ್ರಿ. ನಮ್ಮ ಸಾಮಾನು ಹೊರಾಕ ಗೊತ್ತು ಮಾಡಿದವರಿಗೆ ಮಾತ್ರ ಬ್ಯಾರೆ ತಂಡದಾಗ ಕೆಲಸ ಕೊಡಸ್ರಿ. ಅವರಿಗೆ ಬೆಚ್ಚನ ಅಂಗಿ ಅದಾವೋ ಇಲ್ಲೋ ಅಂತ ಅಕಿ ಮೂರು ಸಲ ಫೋನ್ ಮಾಡಿ ಕೇಳಿದ್ದು ನಿಮಗೂ ನೆನಪಿರಬಹುದು.

ಸಫಾರಿ ಇರಲಿ. "ಮರಿ ಮುಟ್ಟಿಸಿ ಫೋಟೋ ತಗಿಯೂ ಕಡೆ ಬ್ಯಾಡ, ಸಿಂಹಾನ್ನ ದೂರ ನಿಂತು ನೋಡೂಣು" ಅಂದಿದ್ದಳು. ಹಂಗೇ ಮಾಡ್ರಿ.

ಇನ್ನೊಂದು ಮಾತು. ಒಬ್ಬನೇ ಅಂತ ನನಗ ಬ್ಯಾರೆ ಜೀಪು ಕೊಡಬ್ಯಾಡ್ರಿ. ಕನ್ನಡ, ತೆಲುಗು, ಹಿಂದಿ ಯಾವುದರೆ ಬರೂ ಒಬ್ಬರನ್ನ ಪಕ್ಕದಾಗ ಕೂಡಸ್ರಿ. ಮೂವತ್ತೊಂದು ವರ್ಷ ಏನು ಕಂಡ್ರೂ ಅಕಿಗೆ ತೋರಿಸಿದಾಂವ ನಾನು. ಆನಿ ಕಂಡಾಗ "ಅಲ್ಲಿ ನೋಡ್ರಿ" ಅನ್ನಾಕ ಯಾರರೆ ಬೇಕಾಗ್ತಾರ.

ಇಂತಿ,
ಲಿಂಗಣ್ಣ