ಎಡಗೈ ರಿಪೇರಿ

ಮೇಷ್ಟ್ರಿಗೆ, ಪೆನ್ನು ರಿಪೇರಿಯವರ ಮನೆಯಾಕೆಯ ನಮಸ್ಕಾರಗಳು.

ಇವತ್ತು ನನಗೆ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ಇವರಿಗೆ ಸ್ನಾನ ಮಾಡಿಸಿ, ದೀಪ ಹಚ್ಚಿ ಈಗ ಕೂತಿದ್ದೇನೆ. ಲಕ್ವ ಹೊಡೆದು ಇವರ ಬಲಗೈ ಬಿದ್ದುಹೋದ ಸಂಗತಿ ನಿಮಗೆ ಗೊತ್ತೇ ಇದೆ. ಆದರೂ ನಿಮ್ಮ ತಂದೆಯ ಕಾಲದ ಪೆನ್ನನ್ನು ಎಡಗೈಯಲ್ಲೇ ಬಿಚ್ಚಿದರು. ಒಳಗೆ ಶಾಯಿ ತುಂಬುವ ರಬ್ಬರ್ ಚೀಲ ಒಣಗಿ ಒಡೆದಿತ್ತು, ಹೊಸದು ಕೂರಿಸಿದರು. ನಾನು ಹಿಡಿದುಕೊಂಡಿದ್ದೆ, ಅಷ್ಟೇ. ನಿಬ್ಬಿನ ಅಡಿಯ ಕಡ್ಡಿಯಲ್ಲಿ ಕೂದಲೆಳೆಯಷ್ಟು ಕಾಲುವೆಯಿದೆ. ಶಾಯಿ ಇಳಿದಷ್ಟೂ ಅದರಲ್ಲೇ ಗಾಳಿ ಮೇಲೇರಬೇಕು, ಇಲ್ಲದಿದ್ದರೆ ಬರಹ ನಿಂತೇ ಹೋಗುತ್ತದಂತೆ. ಅದರಲ್ಲಿ ಒಣಗಿ ಕಟ್ಟಿದ್ದ ಶಾಯಿಯನ್ನೂ ಇವರೇ ಬಿಡಿಸಿದರು.

ನಾನು ಬರೆದು ನೋಡಿ ಚೆನ್ನಾಗಿದೆ ಅಂದೆ. "ನೀನು ಬಿಡೇ, ಪೊರಕೆ ಕಡ್ಡಿ ಕೊಟ್ಟರೂ ಚೆನ್ನಾಗಿದೆ ಅಂತೀಯ. ಮೇಷ್ಟ್ರು ಹೇಳ್ಲಿ. ಸರಿಯಿಲ್ಲ ಅಂದ್ರೆ ಸಾಮಾನೆಲ್ಲ ಮಾರಿಬಿಡೋಣ" ಅಂದರು.

ಸರಿಯಿಲ್ಲದಿದ್ದರೂ ಸರಿಯಿದೆ ಅನ್ನಿ ಅಂತ ನಿಮ್ಮಲ್ಲಿ ಒಂದು ಸುಳ್ಳು ಬೇಡೋಣ ಅಂತಲೇ ಕಾಗದ ಹಿಡಿದೆ. ದೇವರೆದುರು ಕೂತು ಅದಕ್ಕೆ ಮನಸ್ಸು ಬರಲಿಲ್ಲ. ಬೇಡಿದರೂ ಪ್ರಯೋಜನವಿಲ್ಲ, ನೀವು ಹೊಗಳಿದ್ದನ್ನು ಅವರು ಓದುವುದಿಲ್ಲ. ಶಾಯಿ ಎಲ್ಲಿ ತೆಳುವಾಯಿತು, ಎಲ್ಲಿ ತಡೆಯಿತು ಅಂತ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಹಾಗಾಗಿ ಉತ್ತರವನ್ನು ಆ ಪೆನ್ನಿನಲ್ಲೇ ಬರೆಯಿರಿ. ವಿಷಯ ಏನಾದರೂ ಇರಲಿ, ಪುಟ ತುಂಬಬೇಕು. ಕೈ ಬಿಗಿ ಹಿಡಿಯದೆ ಯಾವಾಗಲೂ ಬರೆಯುವ ವೇಗದಲ್ಲೇ ಬರೆಯಿರಿ. ಈ ಕಾಗದದ ಜೊತೆ ಪೆನ್ನು ತಂದುಕೊಟ್ಟ ನನ್ನ ತಂಗಿಯೇ ಸಂಜೆ ಮತ್ತೆ ಬರುತ್ತಾಳೆ. ಅಲ್ಲಲ್ಲಿ ಶಾಯಿ ಚೆಲ್ಲಿದ್ದರೂ ದಯವಿಟ್ಟು ಬೇರೆ ಹಾಳೆಗೆ ನಕಲು ಮಾಡಬೇಡಿ, ಮೊದಲು ಬರೆದದ್ದನ್ನೇ ಅವಳ ಕೈಯಲ್ಲಿ ಕಳಿಸಿ.

ಇಂತಿ,
ಪೆನ್ನಿನವರ ಮನೆಯಾಕೆ